ಕಾರಿಗೆ ಹೊಲಿದ ಕೌದಿ

ಹೊನ್ನಾಳಿಯ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುವ ನ್ಯಾಮತಿಯವರೊಬ್ಬರು ಹೋದ ತಿಂಗಳು ಕಾರು ಕೊಂಡರು. ಅಲ್ಲಿಯವರೆಗೆ ಬಸ್ಸಿನಲ್ಲಿ ನಿಂತೇ ಬರುತ್ತಿದ್ದವರು. ಮಳೆ ಹಿಡಿದುಕೊಂಡ ಒಂದು ಸಂಜೆ ನನ್ನನ್ನು ಮನೆಯವರೆಗೆ ಬಿಟ್ಟರು. ಸೀಟಿಗೆ ಹೊದಿಸಿದ್ದ ಪ್ಲಾಸ್ಟಿಕ್ಕನ್ನು ಅವರಿನ್ನೂ ತೆಗೆದಿರಲಿಲ್ಲ. ಅಲುಗಿದರೆ ಕರಕರ ಎನ್ನುತ್ತಿತ್ತು; ತಿರುವು ಬಂದಾಗಲೆಲ್ಲ ನಾನು ಜಾರಿಕೊಂಡು ಹೋಗಿ ಬಾಗಿಲಿಗೆ ಒತ್ತಿಕೊಳ್ಳುತ್ತಿದ್ದೆ.

"ಇದನ್ನ ಯಾವಾಗ ತೆಗೀತೀರಿ ಸರ್?" ಎಂದೆ.

"ತೆಗೆಯಾಕೆ ಮನಸ್ಸೇ ಬರಲ್ಲ ಮೇಡಂ. ತೆಗೆದ್ರೆ ಹಳೇದಾಗ್ತೈತಲ್ಲ!"

ನಗು ಬಂತು, ನಗಲಿಲ್ಲ. ನಗುವ ಹಕ್ಕು ನನಗಿಲ್ಲ. ನನ್ನ ಕೈಗಡಿಯಾರದ ಗಾಜಿಗೆ ಅಂಗಡಿಯವರು ಅಂಟಿಸಿದ ತೆಳು ಹಾಳೆ ಎರಡು ವರ್ಷದಿಂದ ಹಾಗೇ ಇದೆ. ಅಂಚು ಎದ್ದು ಒಳಗೆ ಧೂಳು ಸೇರಿ, ಗಂಟೆ ನೋಡಬೇಕಾದರೆ ಕೈಯನ್ನು ಬೆಳಕಿಗೆ ಓರೆ ಹಿಡಿಯಬೇಕು. ಎಂ.ಎ. ಪದವಿಯ ಪ್ರಮಾಣಪತ್ರ ಮೂರು ಲಕೋಟೆಗಳ ಒಳಗೆ, ಟ್ರಂಕಿನ ತಳದಲ್ಲಿದೆ. ಅದರಲ್ಲಿ ನನ್ನ ಹೆಸರನ್ನು ಸರಿಯಾಗಿ ಬರೆದಿದ್ದಾರೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ನಾನು ಆಣೆ ಮಾಡಿ ಹೇಳಲಾರೆ. ಆ ಟ್ರಂಕಿಗೂ ಒಂದು ಬಟ್ಟೆಯ ಗವುಸು ಇದೆ. ನಿಮ್ಮ ಮನೆಯ ರೇಡಿಯೋಕ್ಕೂ ಕಸೂತಿ ಹಾಕಿದ ಪರದೆ ಇದ್ದೀತು. ನಾವೆಲ್ಲ ಮುಚ್ಚಿಡುವ ಜನ. ಆದರೆ ಮುಚ್ಚಿಡುವ ಕೆಲಸವನ್ನು ನನ್ನ ಅವ್ವ ಒಮ್ಮೆ ಎಲ್ಲಿಗೆ ಮುಟ್ಟಿಸಿದ್ದಳೆಂದರೆ, ಅದನ್ನು ನೆನೆದಾಗ ಈಗಲೂ ನನಗೆ ಮಾತು ಕಡಿಮೆಯಾಗುತ್ತದೆ.

ನನ್ನ ಅಪ್ಪ ಚನ್ನಗಿರಿಯಲ್ಲಿ ಅಡಿಕೆ ಮಂಡಿ ಇಟ್ಟಿದ್ದ ಸಾಹುಕಾರರೊಬ್ಬರ ಡ್ರೈವರು. ಮಂಡಿಯ ಗೋದಾಮಿನ ಹಿಂದಿದ್ದ ಎರಡು ಕೋಣೆ ನಮ್ಮ ಮನೆ. ಆ ಮನೆ ಕೆಲಸದ ಜೊತೆಗೆ ಬಂದದ್ದು, ಕೆಲಸದ ಜೊತೆಗೇ ಹೋಗುವಂಥದ್ದು. ಇದು ನನಗೆ ಒಂಬತ್ತನೆಯ ವಯಸ್ಸಿಗೇ ಗೊತ್ತಿತ್ತು. ಯಾಕೆಂದರೆ ನಮಗಿಂತ ಮುಂಚೆ ಅಲ್ಲಿದ್ದ ಡ್ರೈವರನ ಮಗಳ ಹೆಸರು ನಮ್ಮ ಕೋಣೆಯ ಗೋಡೆಯ ಮೇಲೆ ಮಸಿಯಲ್ಲಿ ಬರೆದದ್ದು ಹಾಗೇ ಇತ್ತು.

ಸಾಹುಕಾರರು ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮೇಲೆ ಅವರ ಹೊಸ ಕಾರು ಬಂದಿತ್ತು. ಆಗ ನಮ್ಮ ರಸ್ತೆಗಳಲ್ಲಿ ಕಾಣುತ್ತಿದ್ದದ್ದೇ ಎರಡು ಬಗೆಯ ಕಾರು. ಇದು ಎರಡರಲ್ಲಿ ದುಂಡಗಿನದು. ಬಣ್ಣ ಕಪ್ಪು. ಕಪ್ಪು ಎಂದರೆ ಬಾಣಲೆಯ ಕಪ್ಪಲ್ಲ, ಕೊಡೆಯ ಕಪ್ಪಲ್ಲ; ತುಂಬಿದ ಬಾವಿಯೊಳಗೆ ಬಗ್ಗಿ ನೋಡಿದಾಗ ಕಾಣುತ್ತದಲ್ಲ, ಅದು. ಅದರ ಮುಂದೆ ನಿಂತರೆ ಹಂಚಿನ ಸೂರು, ಮೋಡ, ತಂತಿಯ ಮೇಲಿನ ಗುಬ್ಬಿ ಎಲ್ಲವೂ ಅದರೊಳಗಿದ್ದವು. ನಡುವೆ ಹಣೆ ಉಬ್ಬಿ ಕಾಲು ಕುಗ್ಗಿದ ನಾನು. ಬಣ್ಣದ ಒಳಗೆ ಇನ್ನೊಂದು ಚನ್ನಗಿರಿ ಇದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಬಗ್ಗಿ ಉಸಿರು ಬಿಟ್ಟರೆ ಅಲ್ಲೊಂದು ಬಿಳಿಯ ಮಂಜು ಹುಟ್ಟಿ, ಅಂಚಿನಿಂದ ಒಳಕ್ಕೆ ಕರಗಿ, ಮಾಯವಾಗುತ್ತಿತ್ತು. ಅಷ್ಟು ನುಣುಪಾದ ವಸ್ತುವನ್ನು ಮನುಷ್ಯರು ಮಾಡಬಲ್ಲರು ಎಂಬುದೇ ನನಗೆ ದೊಡ್ಡ ಆಶ್ಚರ್ಯವಾಗಿತ್ತು.

ಸಾಹುಕಾರರ ಜುಬ್ಬದ ಜೇಬಿನಲ್ಲಿ ಸದಾ ಒಂದು ಸೀಮೆಸುಣ್ಣದ ತುಂಡು ಇರುತ್ತಿತ್ತು, ಅಡಿಕೆಯ ಚೀಲಗಳಿಗೆ ಗುರುತು ಹಾಕಲು. ಕಾರು ಹೊರಗೆ ಹೋಗಿ ಬಂದಾಗಲೆಲ್ಲ ಅದೇ ಸೀಮೆಸುಣ್ಣ ಹಿಡಿದು ಅದರ ಮುಂದೆ ಬಗ್ಗುತ್ತಿದ್ದರು. ಕಲ್ಲೇಟು ಬಿದ್ದು ಬಣ್ಣ ಚಕ್ಕೆ ಎದ್ದ ಕಡೆ, ಅದು ಸಾಸಿವೆಯಷ್ಟೇ ಇರಲಿ, ಸುತ್ತ ಒಂದು ಸೊನ್ನೆ ಬರೆಯುತ್ತಿದ್ದರು. ಬೈಯುತ್ತಿರಲಿಲ್ಲ. ಸೊನ್ನೆ ಬರೆದು ಒಳಗೆ ಹೋಗುತ್ತಿದ್ದರು. ನಮ್ಮ ಲೆಕ್ಕದ ಮೇಷ್ಟರೂ ಹಾಗೇ ಮಾಡುತ್ತಿದ್ದರಾದ್ದರಿಂದ ಅಪ್ಪನ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಹಳೆಯ ಕಾರಿನ ಮೂತಿ ಸೊನ್ನೆಗಳಿಂದ ತುಂಬಿದ ದಿನ ಹಿಂದಿನ ಡ್ರೈವರು ಹೋಗಿದ್ದ.

ಹೊಸ ಕಾರಿಗೆ ಮೊದಲ ವಾರವೇ ಮೂರು ಸೊನ್ನೆ ಬಿದ್ದವು. ಅಪ್ಪ ಮಾಡದ ಉಪಾಯವಿಲ್ಲ. ಸೈಕಲ್ಲಿನ ಹಳೆ ಟ್ಯೂಬು ಸೀಳಿ ಚಕ್ರದ ಹಿಂದೆ ಇಳಿಬಿಟ್ಟ. ಕೊಬ್ಬರಿ ಎಣ್ಣೆ ಸವರಿದ. ಸಂತೇಬೆನ್ನೂರು ಮುಟ್ಟುವುದರೊಳಗೆ ಅದಕ್ಕೆ ಧೂಳು ಅಂಟಿ ಕಾರು ಕಂಬಳಿಯ ಹಾಗಾಯಿತು. ಒಮ್ಮೆ ಅಡಿಕೆ ಹಾಳೆಗಳನ್ನು ನೆನೆಸಿ, ಬಾಗಿಸಿ, ಮುಂಭಾಗಕ್ಕೆ ಕಟ್ಟಿಕೊಂಡು ಹೊರಟ. ಬಸವಾಪಟ್ಟಣದ ಹತ್ತಿರ ಒಂದು ಹಾಳೆ ಹಾರಿ ಹೋಗಿ, ಎದುರಿಗೆ ಬರುತ್ತಿದ್ದ ಸೈಕಲ್ಲಿನವರ ಮುಖ ಮುಚ್ಚಿತು. ಅವರು ಬೈದದ್ದನ್ನು ಅಪ್ಪ ಮನೆಯಲ್ಲಿ ಪೂರ್ತಿ ಹೇಳಲಿಲ್ಲ.

ಹೀಗಿರುವಾಗ ಬಿಳಿಚೋಡಿನ ಪ್ರಯಾಣ ಬಂತು. ಸಾಹುಕಾರರ ಒಬ್ಬಳೇ ಮಗಳನ್ನು ಅಲ್ಲಿಗೆ ಕೊಟ್ಟಿತ್ತು. ಆಕೆ ಚೊಚ್ಚಲ ಬಸುರಿ. ಹಸಿರು ಸೀರೆ, ಹಸಿರು ಬಳೆ ತೊಡಿಸಿ ಕುಬುಸ ಮಾಡಲು ತವರಿನವರು ಹೋಗಬೇಕು. ಬೀಗರು ಹೊಸ ಕಾರನ್ನು ನೋಡುವುದು ಅದೇ ಮೊದಲು.

"ಹಾಲಪ್ಪ," ಎಂದರು ಸಾಹುಕಾರರು ಅಪ್ಪನಿಗೆ, "ಬೀಗರ ಬಾಗ್ಲಲ್ಲಿ ಕಾರು ಕನ್ನಡಿ ಇದ್ದಂಗೆ ನಿಂದರಬೇಕು. ಮೂತಿಗೆ ಏನಾರ ಆತೋ, ವಾಪಸ್ ಬಂದ ಮೇಲೆ ಕೀಲಿ ಒಳಗಿಟ್ಟು ನಿನ್ ದಾರಿ ನೀ ನೋಡ್ಕ."

ಆ ರಸ್ತೆಯನ್ನು ಚಳಿಗಾಲದಲ್ಲಿ ನೀವು ನೋಡಬೇಕಿತ್ತು. ಮಳೆಗಾಲ ಟಾರನ್ನು ಕಿತ್ತುಹಾಕಿರುತ್ತಿತ್ತು. ಅದನ್ನು ಮುಚ್ಚಲೆಂದು ತಂದ ಜಲ್ಲಿಯನ್ನು ಹರಡಿ, ಟಾರು ಬರುವವರೆಗೆ ಹಾಗೇ ಬಿಟ್ಟಿರುತ್ತಿದ್ದರು. ಸಾಲದೆಂಬಂತೆ, ದಾವಣಗೆರೆ ದಾಟಿದ ಮೇಲೆ ಹಳ್ಳಿಹಳ್ಳಿಯವರೂ ಹುರುಳಿ ಬಳ್ಳಿ, ರಾಗಿ ತೆನೆ ತಂದು ರಸ್ತೆಯ ಮೇಲೆ ಹಾಸುತ್ತಿದ್ದರು. ಹೋಗಿ ಬರುವ ಗಾಡಿಗಳೇ ಒಕ್ಕಿ ಕೊಡಲಿ ಎಂದು. ಆ ಹಾಸಿನ ಕೆಳಗೆ ಯಾವ ಕಲ್ಲು ಎಲ್ಲಿದೆ ಎಂದು ಯಾರಿಗೂ ತಿಳಿಯದು. ಮುಂದೆ ಒಂದು ಲಾರಿ ಸಿಕ್ಕರೆ ಕಲ್ಲಿನ ಮಳೆಯೇ.

ಅಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಅವ್ವ ರೊಟ್ಟಿ ತಟ್ಟುತ್ತಾ, ಹಿಂದೆ ತಿರುಗದೆ ಹೇಳಿದಳು: "ಎತ್ತಿಗೆ ಚಳಿ ಆದ್ರೆ ಗೋಣಿ ಹೊದಿಸ್ತೀವಿ. ಇದಕ್ಕೊಂದು ಕೌದಿ ಹೊದಿಸಿದ್ರೆ ಕಲ್ಲು ಏನ್ ಮಾಡ್ತೈತೆ?"

ಅಪ್ಪ ನಕ್ಕ. ಆಮೇಲೆ ನಗು ನಿಲ್ಲಿಸಿ ಅವ್ವನ ಬೆನ್ನನ್ನೇ ನೋಡುತ್ತಾ ಕೂತ.

ಕೌದಿ ಹೊಲಿಯುವುದರಲ್ಲಿ ನಮ್ಮ ಅವ್ವನ ಕೈ ಓಣಿಗೆಲ್ಲ ಗೊತ್ತಿತ್ತು. ಹಳೆ ಸೀರೆ, ಹಳೆ ಪಂಚೆ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಅಂಚಿನ ಗುಂಟ ಹೊಲಿಗೆ ಹಿಡಿದಳೆಂದರೆ ಸಾಲಿಗೂ ಸಾಲಿಗೂ ನಡುವೆ ಒಂದು ಬೆರಳು, ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಮನುಷ್ಯರ ಅಳತೆಯಲ್ಲದ್ದನ್ನು ಆಕೆ ಹೊಲಿದಿರಲಿಲ್ಲ. ಸಾಹುಕಾರರು ಮಂಡಿಯಲ್ಲಿದ್ದ ಹೊತ್ತು ನೋಡಿ ಅಪ್ಪ ಆಕೆಯನ್ನು ಕಾರಿನ ಹತ್ತಿರ ಕರೆದ. ರವಿಕೆಗೆ ಅಳತೆ ತೆಗೆಯುವ ಹಾಗೆ ಅವ್ವ ಒಂದು ಉದ್ದನೆಯ ದಾರ ಹಿಡಿದು ಕಾರಿನ ಮೂತಿಯ ಅಳತೆ ತೆಗೆದಳು, ಗಂಟು ಹಾಕಿ ಗುರುತು ಮಾಡಿದಳು. ಕೈ ಬಣ್ಣಕ್ಕೆ ತಾಗದಿರಲೆಂದು ಸೆರಗನ್ನು ಅಂಗೈಗೆ ಸುತ್ತಿಕೊಂಡಿದ್ದಳು.

"ಇದರ ಕಣ್ಣು ಎಷ್ಟು ದೊಡ್ಡವು ನೋಡು," ಎಂದಳು ದೀಪಗಳನ್ನು ನೋಡಿ. "ಮುಚ್ಚಿಬಿಟ್ರೆ ಪಾಪ, ದಾರಿ ಹೆಂಗೆ ಕಾಣ್ಬೇಕು?"

ಎಂಟು ಮಧ್ಯಾಹ್ನ ಹೊಲಿದಳು. ದೀಪಗಳಿಗೆ ಎರಡು ದುಂಡು ಬಾಯಿ ಬಿಟ್ಟು, ರವಿಕೆಯ ಕೊರಳಿನ ಹಾಗೆ ಪಟ್ಟಿ ಕೊಟ್ಟಳು. ಅವುಗಳ ಸುತ್ತ ಹೊಲಿಗೆಯ ಸಾಲುಗಳು, ಕೆರೆಗೆ ಕಲ್ಲೆಸೆದಾಗ ಹರಡುವ ಅಲೆಗಳ ಹಾಗೆ ಹೊರಕ್ಕೆ ಹೋದವು. ಇಂಜಿನ್ನಿಗೆ ಗಾಳಿ ಬೇಕೆಂದು ಅಪ್ಪ ಹೇಳಿದ್ದರಿಂದ ಜಾಲರಿಯ ಮುಂದೆ ಖಾಲಿ ಬಿಟ್ಟಳು. ಎಲ್ಲಾ ಕಡೆ ಲಾಡಿ ಹಚ್ಚಿದಳು. ಕೊನೆಯ ಮೂಲೆ ಮುಚ್ಚುವ ಮುಂಚೆ, ಯಾವಾಗಲೂ ಮಾಡುವಂತೆ, ಜೋಳದ ರೊಟ್ಟಿಯ ಒಂದು ಚೂರನ್ನು ಒಳಗಿಟ್ಟು ಹೊಲಿದಳು. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲ ಎಂಬುದು ಆಕೆಯ ನಂಬಿಕೆ.

"ಕಾರು ರೊಟ್ಟಿ ತಿಂತೈತೇನವ್ವ?" ಎಂದೆ.

"ನೀ ಸುಮ್ಕಿರು. ದಾರಿ ದೂರ ಐತೆ."

ಹೊರಡುವ ದಿನ ಕೌದಿ ಕಟ್ಟಿಕೊಂಡು ನಿಂತ ಕಾರನ್ನು ನೋಡಿ ಸಾಹುಕಾರರು, "ಇದೇನಪ್ಪಾ ಹಾಲಪ್ಪ, ಕಾರೋ ಕೋಲೆ ಬಸವನೋ?" ಎಂದರು. ಆದರೂ ಸುತ್ತ ಒಂದು ಸಾರಿ ನಡೆದು, ಬೆರಳಿನಿಂದ ಒತ್ತಿ ನೋಡಿ, ಅದರ ದಪ್ಪವನ್ನು ಒಪ್ಪಿಕೊಂಡರು. "ಊರು ಮುಟ್ಟಾಕೆ ಮುಂಚೆ ಬಿಚ್ಚಬೇಕು" ಎಂದಷ್ಟೇ ಹೇಳಿದರು. ಹೂವಿನ ಬುಟ್ಟಿ ಹಿಡಿದುಕೊಳ್ಳಲು ಒಬ್ಬರು ಬೇಕೆಂದು ಸಾಹುಕಾರರ ಹೆಂಡತಿ, ನಾವು ಅಮ್ಮಾವ್ರು ಎನ್ನುತ್ತಿದ್ದೆವು, ನನ್ನನ್ನೂ ಕರೆದುಕೊಂಡರು. ಹಿಂದಿನ ಸೀಟಿನಲ್ಲಿ ಅವರ ಪಕ್ಕ ಕೂತೆ. ದಾರಿಯುದ್ದಕ್ಕೂ ಕಲ್ಲು ಹಾರಿ ಬಂದು ಕೌದಿಗೆ ಬಡಿದಾಗ ಧಪ್ ಎಂದು ಮೆತ್ತಗಿನ ಸದ್ದು. ಒಂದೊಂದು ಧಪ್‌ಗೂ ಅಪ್ಪನ ಹೆಗಲು ಒಂದಿಷ್ಟು ಸಡಿಲವಾಗುತ್ತಾ ಹೋಯಿತು. ಒಕ್ಕಲು ಹಾಸಿದ ಕಡೆಯಂತೂ ಹೊಟ್ಟು, ಧೂಳು, ಹುರುಳಿ ಎಲ್ಲ ಎದ್ದು ನಮ್ಮನ್ನು ಮುಚ್ಚಿ, ಆಚೆ ಬಿಟ್ಟವು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಿಳಿಚೋಡಿನ ಹೊರಗೆ ಒಂದು ಹುಣಸೆಮರದ ನೆರಳಲ್ಲಿ ಕಾರು ನಿಂತಿತು. ಅಪ್ಪ ಹೆಮ್ಮೆಯಿಂದ ಲಾಡಿ ಬಿಚ್ಚಿ ಕೌದಿ ಎತ್ತಿದ.

ಒಂದೇ ಒಂದು ಹೊಸ ಕಲ್ಲೇಟು ಇರಲಿಲ್ಲ. ಹೊಳಪೂ ಇರಲಿಲ್ಲ.

ಕೌದಿಯ ಅಂಚಿನಿಂದ ಒಳಸೇರಿದ ಧೂಳು ಬಣ್ಣಕ್ಕೂ ಬಟ್ಟೆಗೂ ನಡುವೆ ಕೂತಿತ್ತು. ಗಾಳಿಗೆ ಕೌದಿ ಅಲುಗಿದಾಗಲೆಲ್ಲ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿತ್ತು. ಚನ್ನಗಿರಿಯಿಂದ ಬಿಳಿಚೋಡಿನವರೆಗೆ ತಿಕ್ಕಿತ್ತು. ನೆರಳಿನಲ್ಲಿ ಅದು ಸ್ಲೇಟಿನ ಹಾಗೆ ಮಬ್ಬಾಗಿ ಕಂಡಿತು. ಒಳಗಿದ್ದ ಆ ಇನ್ನೊಂದು ಊರು ಆರಿಹೋಗಿತ್ತು. ಅಪ್ಪ ಹೆಗಲ ಮೇಲಿನ ವಸ್ತ್ರದಿಂದ ಒರೆಸಿದ, ನೀರು ಹಾಕಿ ಒರೆಸಿದ. ನೀರು ಇದ್ದಷ್ಟು ಹೊತ್ತು ಹೊಳೆಯಿತು, ಒಣಗಿತು, ಮತ್ತೆ ಮಬ್ಬು.

ಸಾಹುಕಾರರು ಸೀಮೆಸುಣ್ಣ ತೆಗೆದರು. ಬಗ್ಗಿದರು. ಸೊನ್ನೆ ಎಲ್ಲಿ ಬರೆಯಬೇಕೆಂದು ತಿಳಿಯಲಿಲ್ಲ. ಪೂರ್ತಿ ಬಾನೆಟ್ಟೇ ಒಂದು ಸೊನ್ನೆಯಾಗಿತ್ತು.

"ಕಟ್ಟು," ಎಂದರು. "ಮೊದಲಿನಂಗೆ ಕಟ್ಟು ಅದನ್ನ. ಬೀಗರ ಮುಂದೆ ನನ್ ಮಾನ ಹರಾಜು ಹಾಕಬ್ಯಾಡ." ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡು, "ಊರಿಗೆ ಹೋದ ಮೇಲೆ ಕೀಲಿ ಕೊಟ್ಟುಬಿಡು" ಎಂದರು.

ಅಪ್ಪನ ಬೆರಳು ಲಾಡಿಯ ಗಂಟು ಮರೆತಿದ್ದವು. ನಾನು ಬುಟ್ಟಿ ಕೆಳಗಿಟ್ಟು ಹೋಗಿ ಎರಡು ಗಂಟು ಹಾಕಿದೆ.

ಬೀಗರ ಮನೆಯ ಮುಂದೆ ಜನ ಸೇರಿದ್ದರು. ಅಳಿಯಂದಿರ ಅಜ್ಜಿ ಎಲ್ಲರಿಗಿಂತ ಮುಂದೆ. ಸಣ್ಣ ಆಳು, ಹಲ್ಲಿಲ್ಲ, ದನಿ ಮಾತ್ರ ಊರಿಗೆಲ್ಲ ಕೇಳುವಂಥದ್ದು. "ಏನ್ರೀ ಬೀಗರೇ, ನಿಮ್ ಕಾರಿಗೂ ಚಳಿ ಹತ್ತೈತೇನು?" ಎಂದಳು. ಎಲ್ಲರೂ ನಕ್ಕರು. ಸಾಹುಕಾರರೂ ನಕ್ಕರು, ಹಲ್ಲಿನಿಂದ. ರಾತ್ರಿ ಹೋಳಿಗೆ ಊಟ. ಅಪ್ಪ ಎಲೆಯ ಮುಂದೆ ಕೂತಿದ್ದ, ಅಷ್ಟೇ. ನಾನು, ಹೇಳಲು ನಾಚಿಕೆ, ಮೂರು ಹೋಳಿಗೆ ತಿಂದೆ. ಚನ್ನಗಿರಿಯ ನಮ್ಮ ಕೋಣೆಯ ಗೋಡೆಯ ಮೇಲೆ ನನ್ನ ಹೆಸರೂ ಬರೆಯಬೇಕಿತ್ತು ಎಂದು ಯೋಚಿಸುತ್ತಲೇ ತಿಂದೆ.

ಮರುದಿನ ಬೆಳಗ್ಗೆ ಕುಬುಸದ ಗಡಿಬಿಡಿ ಶುರುವಾಗುವ ಮುಂಚೆ ಅಜ್ಜಿ ಅಂಗಳಕ್ಕೆ ಬಂದು ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಕೌದಿಯ ಹೊಲಿಗೆಗಳ ಮೇಲೆ ಬೆರಳಾಡಿಸುತ್ತಾ ಹೋದಳು. ಒಂದು ಮೂಲೆಗೆ ಬಂದಾಗ ಬೆರಳು ನಿಂತಿತು. ಒತ್ತಿ ನೋಡಿದಳು.

"ಹೊಟ್ಟೆ ತುಂಬಿಸ್ಯಾಳಲ್ಲೇ!" ಎಂದು ಕೂಗಿದಳು. "ತಿಳಿದ ಹೆಣ್ಮಗಳು ಹೊಲಿದಿರೋದು ಇದು. ಬರ್ರೋ ಇಲ್ಲಿ, ಬೀಗರು ಕೂಸಿಗೆ ಕೌದಿ ತಂದಾರೆ! ಗಂಟಿನಾಗೆ ಕಟ್ಕಂಡು ಬರಾದು ಬಿಟ್ಟು ಊರಿಗೆಲ್ಲ ಕಾಣ್ಲಿ ಅಂತ ಕಾರಿನ ಮೇಲೆ ಮೆರೆಸ್ಕಂತ ಬಂದಾರೆ! ಭೇಷ್ ಬೀಗರೇ!"

ಸಾಹುಕಾರರು ಬಾಗಿಲಲ್ಲಿ ನಿಂತಿದ್ದರು. ತವರಿನಿಂದ ಕೂಸಿಗೆ ಬಂದ ಕೌದಿಯನ್ನು ಅದಲ್ಲ ಎಂದು ಯಾವ ಬೀಗರು ಹೇಳಿಯಾರು?

"ಈ ಎರಡು ತೂತು ಯಾಕಪ್ಪಾ?" ಎಂದು ಅಜ್ಜಿ ಅಪ್ಪನನ್ನು ಕೇಳಿದಳು.

"ಲೈಟು ಕಾಣಾಕೆ, ಅಜ್ಜಿ."

"ಇರ್ಲಿ ಬಿಡು, ಎರಡು ತೇಪೆ ಹಾಕಿದ್ರಾತು. ಒಗೆದ್ರೆ ಧೂಳು ಹೋಗ್ತೈತೆ. ಬಿಚ್ಚಿ ಕೊಡು."

ಅಪ್ಪ ಸಾಹುಕಾರರ ಮುಖ ನೋಡಿದ. ಅವರು ಎದುರುಮನೆಯ ಮಾಡು ನೋಡುತ್ತಿದ್ದರು. ಅಮ್ಮಾವ್ರೇ, "ಬಿಚ್ಚಪ್ಪಾ ಹಾಲಪ್ಪ, ಆಗಿದ್ದಾತು" ಎಂದರು.

ಆಗ ಸೂರ್ಯ ಇನ್ನೂ ಮನೆಗಳ ಎತ್ತರಕ್ಕೆ ಬಂದಿರಲಿಲ್ಲ. ಬಿಸಿಲು ಓಣಿಯ ತುದಿಯಿಂದ ನೆಲಕ್ಕೆ ಅಂಟಿಕೊಂಡಂತೆ ಓರೆಯಾಗಿ ಬರುತ್ತಿತ್ತು. ಕೌದಿ ಜಾರಿತು. ಬಿಸಿಲು ಬಾನೆಟ್ಟಿನ ಮೇಲೆ ಬಿತ್ತು.

ಹುಣಸೆಮರದ ನೆರಳಲ್ಲಿ ನಮಗ್ಯಾರಿಗೂ ಕಾಣದೆ ಇದ್ದದ್ದು ಅಲ್ಲಿತ್ತು. ಕೌದಿಯ ಉಬ್ಬಿದ ಭಾಗ ಬಣ್ಣವನ್ನು ತಿಕ್ಕಿ ಮಬ್ಬು ಮಾಡಿತ್ತು. ಹೊಲಿಗೆ ಒಳಕ್ಕೆ ಎಳೆದಿದ್ದ ಕಡೆ ಬಟ್ಟೆ ತಾಗದೆ ಹಳೆಯ ಹೊಳಪು ಹಾಗೇ ಉಳಿದಿತ್ತು. ಮಬ್ಬು ಕಪ್ಪಿನ ಮೇಲೆ ಹೊಳೆಯುವ ಕಪ್ಪಿನ ಗೆರೆಗಳು. ಗೆರೆಗೂ ಗೆರೆಗೂ ನಡುವೆ ಒಂದು ಬೆರಳು. ಬಾನೆಟ್ಟಿನ ಉದ್ದಕ್ಕೂ ಬಂದು, ದೀಪಗಳ ಹತ್ತಿರ ಬಾಗಿ, ಅವುಗಳ ಸುತ್ತ ಅಲೆಯ ಮೇಲೆ ಅಲೆಯಾಗಿ ತಿರುಗಿದ್ದವು. ಒಂದೊಂದು ಗೆರೆಯಲ್ಲೂ ಚಿಕ್ಕ ಚಿಕ್ಕ ತುಂಡುಗಳು. ಒಂದೊಂದು ತುಂಡೂ ಅವ್ವನ ಸೂಜಿ ಒಮ್ಮೆ ಮುಳುಗಿ ಎದ್ದ ಜಾಗ. ನಾನು ಒಂದು ಹೆಜ್ಜೆ ಸರಿದರೆ ಗೆರೆಗಳೆಲ್ಲ ಒಟ್ಟಿಗೆ ಸರಿದವು. ಮೋಡ ಅಡ್ಡ ಬಂದಾಗ ಮಾಯವಾದವು. ಮೋಡ ಹೋದಾಗ ಬಂದವು. ಆಮೇಲೆ ನಾನು ಹಳೇಬೀಡು ನೋಡಿದ್ದೇನೆ, ಓದಿಗೆಂದು ಮೈಸೂರಿಗೆ ಹೋದಾಗ ಅರಮನೆಯನ್ನೂ ನೋಡಿದ್ದೇನೆ. ಆ ಬೆಳಗಿನ ಹಾಗೆ ಕಾಲು ನೆಲಕ್ಕೆ ಅಂಟಿದ್ದು ಎಲ್ಲೂ ಇಲ್ಲ.

ಅಜ್ಜಿ ಎದ್ದು ನಿಂತು, ಕೈ ಮುಟ್ಟಿಸದೆ, ಗಾಳಿಯಲ್ಲೇ ಒಂದು ಗೆರೆಯ ಹಿಂದೆ ಹೋದಳು.

"ಕಬ್ಬಿಣದ ಮೇಲೂ ಹೊಲಿದಾಳಲ್ರೀ," ಎಂದಳು. ಆಕೆಯ ದನಿ ಸಣ್ಣದಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಯಾರು ಬೀಗರೇ ಈಕೆ?"

ಅಪ್ಪ ಗಾಜು ಒರೆಸಲು ಶುರುಮಾಡಿದ. ಗಾಜು ಚೊಕ್ಕವಾಗೇ ಇತ್ತು.

ಸಾಹುಕಾರರು ಮೆಟ್ಟಿಲಿಳಿದು ಬಂದರು. ಕಾರಿನ ಮುಂದೆ ನಿಂತು ನೋಡಿದರು. ಆ ಕಡೆ ಹೋಗಿ ನೋಡಿದರು, ಈ ಕಡೆ ಬಂದು ನೋಡಿದರು. ಕೈ ಜೇಬಿಗೆ ಹೋಯಿತು, ಖಾಲಿಯಾಗೇ ಹೊರಗೆ ಬಂತು.

"ನಮ್ ಹಾಲಪ್ಪನ ಮನೆಯಾಕೆ," ಎಂದರು. ಕಾರಿನ ಕಡೆ ನೋಡಿಕೊಂಡೇ, "ನಮ್ಮಲ್ಲೇ ಇರಾದು" ಎಂದರು.

"ಅಂಥಾಕೀನ ಬಿಟ್ಟುಕೊಟ್ಟೀರಿ ಮತ್ತೆ! ಕೂಸು ಹುಟ್ಟಿದ ಮೇಲೆ ಇನ್ನೊಂದು ಹೊಲೀಬೇಕು ಆಕಿ. ತೂತಿಲ್ಲದ್ದು."

"ಬಿಡಾದಿಲ್ಲ" ಎಂದರು ಸಾಹುಕಾರರು.

ಅಪ್ಪ ಒರೆಸಿದ ಗಾಜನ್ನೇ ಒರೆಸುತ್ತಿದ್ದ.

ವಾಪಸು ಬರುವಾಗ ಕಾರಿಗೆ ಏನೂ ಹೊದಿಕೆ ಇರಲಿಲ್ಲ. ಜಲ್ಲಿಯ ರಸ್ತೆಯಲ್ಲಿ ಮೊದಲ ಕಲ್ಲು ಟಣ್ ಎಂದಿತು. ಅಪ್ಪ ಓರೆಗಣ್ಣಿನಲ್ಲಿ ಪಕ್ಕಕ್ಕೆ ನೋಡಿದ. ಎರಡನೆಯದು. ಮೂರನೆಯದಕ್ಕೆ ಸಾಹುಕಾರರು, "ನನ್ನೇನು ನೋಡ್ತೀಯ? ರಸ್ತೆ ನೋಡು" ಎಂದರು.

ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲೇ ಇದ್ದಳು. ಮೊದಲು ಅಪ್ಪನ ಕೈ ನೋಡಿದಳು.

"ಕೌದಿ ಎಲ್ಲಿ?"

"ಬೀಗರ ಮನೇಲಿ ಉಳೀತು. ಹುಟ್ಟೋ ಕೂಸಿಗೆ ಬೇಕಂತೆ."

"ಕೆಲ್ಸ?"

"ಉಳೀತು" ಎಂದು ಹೇಳಿ ಅಪ್ಪ ಹೊಸ್ತಿಲ ಮೇಲೆ ಕೂತುಬಿಟ್ಟ. ನಡೆದದ್ದನ್ನೆಲ್ಲ ಹೇಳಿದವಳು ನಾನು. ಕಾರಿನ ಮೇಲೆ ಹೊಲಿಗೆ ಮೂಡಿದೆ ಎಂದರೆ ಅವ್ವ ನಂಬಲಿಲ್ಲ. ಸುಳ್ಳು ಹೇಳಲು ಕಲಿತಿದ್ದೇನೆಂದು ತಲೆಗೆ ಒಂದು ಮೊಟಕಿದಳು.

ಮರುದಿನ ಬೆಳಗ್ಗೆ ನಾನೇ ಎಳೆದುಕೊಂಡು ಹೋದೆ. ಸಾಹುಕಾರರ ಮನೆಯ ಅಂಗಳದಲ್ಲಿ ಬಿಸಿಲು ಆಗಷ್ಟೇ ಬಿದ್ದಿತ್ತು. ಅವ್ವನ ಕೈಯಲ್ಲಿ ಕಸಬರಿಗೆ ಇತ್ತು. ಯಾರಾದರೂ ನೋಡಿದರೆ ಗುಡಿಸಲು ಬಂದೆ ಎನ್ನಬಹುದಲ್ಲ. ಆಕೆ ಕಾರಿನ ಮುಂದೆ ನಿಂತಳು.

ಅವ್ವ ಅಷ್ಟು ವರ್ಷ ಹೊಲಿದದ್ದೆಲ್ಲ ಜನರ ಮೈ ಕೆಳಗೆ, ಮೈ ಮೇಲೆ, ಕತ್ತಲೆಯಲ್ಲಿ ಸವೆದುಹೋಗುವಂಥದ್ದು. ಹೊದ್ದವರು ಕಣ್ಣು ಮುಚ್ಚಿರುತ್ತಾರೆ. ತನ್ನ ಹೊಲಿಗೆ ಹೀಗೆ ಹಗಲಿನಲ್ಲಿ, ತನ್ನ ಎದುರಿಗೆ, ಎದ್ದು ನಿಂತದ್ದನ್ನು ಆಕೆ ಎಂದೂ ನೋಡಿರಲಿಲ್ಲ. ಆಕೆಯ ತುಟಿ ಅಲುಗುತ್ತಿದ್ದವು. ಸಾಲುಗಳನ್ನು ಎಣಿಸುತ್ತಿದ್ದಳೆಂದು ಕಾಣುತ್ತದೆ.

ಅಷ್ಟರಲ್ಲಿ ಬಾಗಿಲ ಸದ್ದಾಯಿತು. ಸಾಹುಕಾರರು ಕೈಯಲ್ಲಿ ಕೊಡೆ ಹಿಡಿದು, ಮಂಡಿಗೆ ಹೊರಟವರು, ಮೆಟ್ಟಿಲ ಮೇಲೆ ನಿಂತಿದ್ದರು. ಅವ್ವ ಬೆಚ್ಚಿ, ಸೆರಗು ಎಳೆದುಕೊಂಡು, ಯಾವಾಗಲೂ ಸರಿಯುವ ಹಾಗೆ ಗೋಡೆಯ ಕಡೆಗೆ ಸರಿದಳು.

"ಇರ್ಲಿ ಇರ್ಲಿ, ನೋಡು ತಾಯಿ," ಎಂದರು ಸಾಹುಕಾರರು. "ನನ್ನದೇನು ಅವಸರ ಇಲ್ಲ. ನಾನು ಆಮೇಲೆ ಬರ್ತೀನಿ."

ಹೇಳಿ, ತೆರೆದ ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡು, ಒಳಗೆ ಹೋದರು.